ನೀರಿನ ಲೆಕ್ಕ ಊರಿನ ಕೈಯಲ್ಲಿರಲಿ

ಮಹಾರಾಷ್ಟ್ರದ ಅಹಮದ್‌ನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಜಾರ್ ಮಳೆನೆರಳಿನ ಊರು. ಹಿಂದೆ ಕೂಲಿಗಾಗಿ ಗುಳೆ ಹೋಗುತ್ತಿದ್ದವರು ಇಂದು ಅಲ್ಲಿಯೇ ಈರುಳ್ಳಿ ಬೆಳೆದು, ಹೈನುಗಾರಿಕೆ ಮಾಡಿ ಬದುಕುತ್ತಿದ್ದಾರೆ. 1990ರ ಆಸುಪಾಸಿನಲ್ಲಿ ಪೋಪಟರಾವ್ ಪವಾರ್ ಸರಪಂಚರಾದ ಮೇಲೆ ಗುಡ್ಡಗಳಲ್ಲಿ ಬದು, ಇಂಗುಗುಂಡಿಗಳಾದವು, ನಿಜ. ಆದರೆ ಊರನ್ನು ಉಳಿಸಿದ್ದು ಗ್ರಾಮಸಭೆಯ ಕಟ್ಟುಪಾಡು: ಬೇಸಾಯಕ್ಕೆ ಕೊಳವೆಬಾವಿ ಕೂಡದು, ಕಬ್ಬು ಕೂಡದು, ಪ್ರತಿವರ್ಷ ಬಿದ್ದ ಮಳೆ ಅಳೆದು, ಕುಡಿಯುವ ನೀರನ್ನು ಮೊದಲು ತೆಗೆದಿಟ್ಟು, ಉಳಿದುದಕ್ಕೆ ತಕ್ಕ ಬೆಳೆ. ಸರ್ಕಾರದ ಹಣವೂ ಅಲ್ಲಿ ಬಳಕೆಯಾಗಿದೆ. ತೀರ್ಮಾನ ಮಾತ್ರ ಊರಿನದು.

ನಮ್ಮ ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಮುಂದಿನ ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಓದಿ ಎದ್ದುಬಿಡದೆ, ಪಂಚಾಯಿತಿಗಳು ಊರಿನ ನೀರಿನ ಲೆಕ್ಕವನ್ನೂ ಜನರ ಮುಂದಿಡಲಿ.