ಮೆಸ್ ಬಿಲ್‌ಗೆ ಸರ್ಕಾರ ಉರುಳಿದ ನಾಡಲ್ಲಿ ವಿದ್ಯಾರ್ಥಿಗಳ ಊಟದ ಲೆಕ್ಕ: ಅಕ್ಕಿ-ಬೇಳೆ ಅಗ್ಗ, ಒಲೆಯೇ ದುಬಾರಿ

ಅಹಮದಾಬಾದ್: ಗುಜರಾತ್‌ನಲ್ಲಿ ಹಾಸ್ಟೆಲ್ ಊಟದ ಬಿಲ್ ಒಮ್ಮೆ ಸರ್ಕಾರವನ್ನೇ ಉರುಳಿಸಿತ್ತು. 1973ರ ಡಿಸೆಂಬರ್‌ನಲ್ಲಿ ಅಹಮದಾಬಾದ್‌ನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಊಟದ ಶುಲ್ಕ ಶೇ 20ರಷ್ಟು ಏರಿತು. ಡಿಸೆಂಬರ್ 20ರಂದು ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಧಾನ್ಯ ಮತ್ತು ಅಡುಗೆ ಎಣ್ಣೆಯ ಬೆಲೆ ಏರಿಕೆಯಿಂದ ಬೇಸತ್ತಿದ್ದ ಜನರೂ ಜತೆಗೂಡಿದರು. ಅದೇ ನವನಿರ್ಮಾಣ ಆಂದೋಲನ. 1974ರ ಫೆಬ್ರವರಿ 9ರಂದು ಮುಖ್ಯಮಂತ್ರಿ ಚಿಮನ್‌ಭಾಯ್ ಪಟೇಲ್ ರಾಜೀನಾಮೆ ಕೊಟ್ಟರು. ಮೆಸ್ ಬಿಲ್‌ನಿಂದ ರಾಜೀನಾಮೆವರೆಗೆ ಹಿಡಿದದ್ದು ಕೇವಲ ಏಳು ವಾರ.

ಐದು ದಶಕಗಳ ನಂತರ ಅಹಮದಾಬಾದ್, ವಡೋದರಾ ಮತ್ತು ಸೂರತ್‌ನ ಚಿತ್ರ ಬೇರೆಯೇ ಆಗಿದೆ. ಗುಜರಾತ್ ವಿಶ್ವವಿದ್ಯಾಲಯ, ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ, ಸೂರತ್‌ನ ಎಸ್‌ವಿಎನ್‌ಐಟಿ ಮುಂತಾದ ಕಡೆ ಓದಲು ದೂರದ ಊರುಗಳಿಂದ ಬರುವ ಎಲ್ಲರಿಗೂ ಹಾಸ್ಟೆಲ್ ಸಿಗುವುದಿಲ್ಲ. ಸೀಟು ಸಿಗದವರು ಪಿ.ಜಿ.ಗಳಲ್ಲಿ, ಮೂರ್ನಾಲ್ಕು ಮಂದಿ ಹಂಚಿಕೊಂಡ ಬಾಡಿಗೆ ಕೋಣೆಗಳಲ್ಲಿ ಇರುತ್ತಾರೆ. ಅಂದಿನಂತೆ ಒಂದೇ ಮೆಸ್, ಒಂದೇ ಬಿಲ್ ಇವರಿಗಿಲ್ಲ. ಹೀಗಾಗಿ ಬೆಲೆ ಏರಿದರೂ ಒಟ್ಟಾಗಿ ಕೇಳುವ ದನಿಯಿಲ್ಲ. ಪ್ರತಿಯೊಬ್ಬರೂ ತಮ್ಮ ಜೇಬನ್ನೇ ನೋಡಿಕೊಳ್ಳಬೇಕು.

ಮನೆ ಊಟ ನಿಜಕ್ಕೂ ಎಷ್ಟು?

ಸ್ವಂತ ಅಡುಗೆ ಅಗ್ಗ ಎಂಬ ಮಾತಿಗೆ ಅಂಕಿಅಂಶಗಳ ಬೆಂಬಲವಿದೆ. ಕ್ರಿಸಿಲ್ ಸಂಸ್ಥೆ ಮನೆಯಲ್ಲಿ ತಯಾರಿಸುವ ಥಾಲಿಯ ವೆಚ್ಚವನ್ನು ಪ್ರತಿ ತಿಂಗಳು ಲೆಕ್ಕ ಹಾಕುತ್ತದೆ. ರೊಟ್ಟಿ, ಅನ್ನ, ಬೇಳೆ, ಪಲ್ಯ, ಮೊಸರು, ಸಲಾಡ್ ಇರುವ ಸಸ್ಯಾಹಾರಿ ಥಾಲಿಯ ವೆಚ್ಚ 2025ರ ಮೊದಲ ಒಂಬತ್ತು ತಿಂಗಳಲ್ಲಿ 26ರಿಂದ 29 ರೂಪಾಯಿ ಆಸುಪಾಸಿನಲ್ಲಿತ್ತು. 28 ರೂಪಾಯಿ ಎಂದು ಹಿಡಿದರೆ ದಿನಕ್ಕೆ ಎರಡು ಊಟದಂತೆ ತಿಂಗಳಿಗೆ 1,680 ರೂಪಾಯಿ.

ಇದು ದೇಶದ ಸರಾಸರಿ. ತಿಂಡಿ, ಚಹಾ ಇದರಲ್ಲಿ ಸೇರಿಲ್ಲ. ಬೇಯಿಸುವವರ ಶ್ರಮಕ್ಕೂ ಬೆಲೆ ಕಟ್ಟಿಲ್ಲ. ಹೊರಗಿನ ಊಟಕ್ಕೆ ಅಡುಗೆಯವರ ಕೂಲಿ, ಅಂಗಡಿ ಬಾಡಿಗೆ, ವಾಣಿಜ್ಯ ಸಿಲಿಂಡರ್, ಲಾಭ ಎಲ್ಲವೂ ಸೇರುತ್ತವೆ. ಹೊರಗಿನ ತಟ್ಟೆ ದುಬಾರಿಯಾಗುವುದು ಅಕ್ಕಿ-ಬೇಳೆಯಿಂದಲ್ಲ, ಈ ಖರ್ಚುಗಳಿಂದ.

ಕೇಂದ್ರ ಸರ್ಕಾರದ 2023-24ರ ಗೃಹಬಳಕೆ ವೆಚ್ಚ ಸಮೀಕ್ಷೆ ಇನ್ನೊಂದು ಸಂಗತಿ ಹೇಳುತ್ತದೆ. ನಗರವಾಸಿಯ ತಲಾ ಮಾಸಿಕ ವೆಚ್ಚ 6,996 ರೂಪಾಯಿ. ಅದರಲ್ಲಿ ಆಹಾರದ ಪಾಲು ಶೇ 39.68, ಅಂದರೆ ಸುಮಾರು 2,776 ರೂಪಾಯಿ. ಆಹಾರದ ಖರ್ಚಿನಲ್ಲಿ ಅತಿ ದೊಡ್ಡ ಬಾಬ್ತು ಧಾನ್ಯವೂ ಅಲ್ಲ, ಹಾಲೂ ಅಲ್ಲ. ಪಾನೀಯ, ಸಿದ್ಧ ತಿನಿಸು ಮತ್ತು ಸಂಸ್ಕರಿತ ಆಹಾರದ್ದೇ ಶೇ 11.09. ವಡೋದರಾದ ಸೇವ್ ಉಸಲ್, ಸೂರತ್‌ನ ಲೋಚೊ, ಸಂಜೆಯ ಚಹಾ-ಬಿಸ್ಕತ್ತು ಎಲ್ಲವೂ ಇದೇ ಬಾಬ್ತಿಗೆ ಬರುತ್ತವೆ. ವಿದ್ಯಾರ್ಥಿಯ ಹಣ ಸೋರುವುದೂ ಇಲ್ಲೇ.

ಸಿದ್ಧ ರೊಟ್ಟಿಗೆ ಶೂನ್ಯ, ಹಿಟ್ಟಿನ ಪ್ಯಾಕೆಟ್‌ಗೆ ಶೇ 5

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆಯಲ್ಲಿ ರೊಟ್ಟಿ, ಪರಾಠಾ, ಖಾಖ್ರಾ, ಪ್ಯಾಕೆಟ್ ಪನೀರ್‌ಗೆ ತೆರಿಗೆ ಶೂನ್ಯವಾಯಿತು. ನೂಡಲ್ಸ್ ಮತ್ತು ಕುರುಕಲು ತಿಂಡಿ ಶೇ 5ಕ್ಕೆ ಇಳಿದವು. ಪರಾಠಾ ಪ್ರಕರಣದಲ್ಲಿ ಕರ್ನಾಟಕ ಮತ್ತು ಗುಜರಾತ್ ಎರಡಕ್ಕೂ ಪಾಲಿದೆ. 2020ರಲ್ಲಿ ಬೆಂಗಳೂರಿನ ಐಡಿ ಫ್ರೆಶ್ ಕಂಪನಿಯ ಪರೋಟಾ ಮತ್ತು 2022ರಲ್ಲಿ ಅಹಮದಾಬಾದ್‌ನ ವಾಡಿಲಾಲ್ ಕಂಪನಿಯ ಪರಾಠಾ ರೊಟ್ಟಿಗೆ ಸಮವಲ್ಲ, ಶೇ 18 ತೆರಿಗೆ ಕಟ್ಟಬೇಕು ಎಂದು ಆಯಾ ರಾಜ್ಯದ ತೆರಿಗೆ ಪ್ರಾಧಿಕಾರಗಳು ಹೇಳಿದ್ದವು. ಆ ಗೊಂದಲ ಈಗ ಮುಗಿದಿದೆ.

ಆದರೆ 2022ರ ಜುಲೈ 18ರಿಂದ 25 ಕಿಲೋವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ ಬಿದ್ದ ಶೇ 5 ತೆರಿಗೆಯನ್ನು ಈ ಪರಿಷ್ಕರಣೆ ಮುಟ್ಟಲಿಲ್ಲ. ಬಿಡಿಯಾಗಿ ತೂಗಿ ಕೊಡುವ ಧಾನ್ಯಕ್ಕೆ ತೆರಿಗೆ ಇಲ್ಲ. ಬೇಯಿಸಿಕೊಳ್ಳುವ ವಿದ್ಯಾರ್ಥಿಗೆ ಇದರಿಂದ ಸಿಗುವ ಪಾಠ ಸರಳ: ಬಡಾವಣೆಯ ಕಿರಾಣಿ ಅಂಗಡಿಯಲ್ಲಿ ಬಿಡಿ ಬೇಳೆ-ಅಕ್ಕಿ ಕೊಳ್ಳುವುದೇ ಲಾಭ.

ಒಂದು ಕುಕ್ಕರ್, ಒಂದು ಬಾಣಲೆ

ಕಡಿಮೆ ಖರ್ಚಿನ ಊಟಕ್ಕೆ ಗುಜರಾತಿ ಅಡುಗೆಮನೆಯಲ್ಲೇ ಉತ್ತರಗಳಿವೆ. ಮೊದಲನೆಯದು ಖಿಚಡಿ. ಕನ್ನಡಿಗರ ಹುಗ್ಗಿಯ ನೆಂಟ. ಒಬ್ಬರಿಗೆ 75 ಗ್ರಾಂ ಅಕ್ಕಿ, 50 ಗ್ರಾಂ ಸಿಪ್ಪೆಸಹಿತ ಹೆಸರುಬೇಳೆ, ಅರಿಶಿನ, ಉಪ್ಪು ಹಾಕಿ ಕುಕ್ಕರ್ ನಾಲ್ಕು ಬಾರಿ ಕೂಗಿದರೆ ಸಾಕು. ಇಷ್ಟರಲ್ಲೇ ಸುಮಾರು 17 ಗ್ರಾಂ ಪ್ರೊಟೀನ್ ಸಿಗುತ್ತದೆ. ಜತೆಗೆ ಹುಳಿ ಮಜ್ಜಿಗೆಗೆ ಕಡಲೆಹಿಟ್ಟು, ಚಿಟಿಕೆ ಬೆಲ್ಲ ಹಾಕಿ ಕುದಿಸಿ ಒಗ್ಗರಣೆ ಕೊಟ್ಟರೆ ಕಢಿ.

ಉಳಿದದ್ದನ್ನು ಬಿಸಾಡದಿರುವುದು ಎರಡನೆಯ ಪಾಠ. ನಿನ್ನೆಯ ರೊಟ್ಟಿಯನ್ನು ಮುರಿದು ಒಗ್ಗರಣೆ ಹಾಕಿದ ಮಜ್ಜಿಗೆಯಲ್ಲಿ ಕುದಿಸಿದರೆ 'ವಘಾರೇಲಿ ರೋಟ್ಲಿ'. ಮಿಕ್ಕ ಅನ್ನಕ್ಕೆ ಒಗ್ಗರಣೆ ಕೊಟ್ಟರೆ ನಮ್ಮ ಚಿತ್ರಾನ್ನದಂಥದ್ದೇ 'ವಘಾರೇಲಾ ಭಾತ್'. ಮೆಂತ್ಯ ಸೊಪ್ಪು, ಮೊಸರು ಬೆರೆಸಿದ ಗೋಧಿ ಹಿಟ್ಟಿನ ಥೇಪ್ಲಾ ಎರಡು-ಮೂರು ದಿನ ಕೆಡುವುದಿಲ್ಲ. ಭಾನುವಾರ ಮಾಡಿಟ್ಟರೆ ಸೋಮವಾರ, ಮಂಗಳವಾರದ ತಿಂಡಿಗೂ ಆಗುತ್ತದೆ. ಬೇಳೆ ಸಾರಿನಲ್ಲೇ ಹಿಟ್ಟಿನ ತುಂಡು ಬೇಯಿಸುವ ದಾಳ್ ಢೋಕಳಿಗೆ ಬೇರೆ ಅನ್ನವೂ ಬೇಡ, ಪಲ್ಯವೂ ಬೇಡ.

ಅಗ್ಗ ಎಂದು ಬರೀ ಅನ್ನ, ಮೈದಾಗೆ ಜೋತುಬೀಳುವುದು ಅಪಾಯ. ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ 2,000 ಕ್ಯಾಲರಿಯ ದಿನದ ಊಟಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಸೂಚಿಸುತ್ತದೆ. ಕೋಣೆಯ ಅಡುಗೆಯಲ್ಲಿ ಮೊದಲು ಕಡಿತವಾಗುವುದು ತರಕಾರಿಯೇ.

ಪ್ರೊಟೀನ್‌ಗೆ ಅಗ್ಗದ ದಾರಿಗಳಲ್ಲಿ ಮೊಟ್ಟೆಯೂ ಒಂದು. ಒಂದರಲ್ಲಿ ಸುಮಾರು 6 ಗ್ರಾಂ ಇರುತ್ತದೆ. ಆದರೆ ಅದನ್ನು ಕೋಣೆಗೆ ತರಲು ಬಿಡದ ಮಾಲೀಕರು ಹಲವರು. 2021ರ ನವೆಂಬರ್‌ನಲ್ಲಿ ಅಹಮದಾಬಾದ್ ಪಾಲಿಕೆ ಮುಖ್ಯರಸ್ತೆಗಳ ಮಾಂಸ-ಮೊಟ್ಟೆ ಗಾಡಿಗಳನ್ನು ತೆರವುಗೊಳಿಸಲು ಹೊರಟಿತ್ತು. ಜನ ಏನು ತಿನ್ನಬೇಕೆಂದು ಪಾಲಿಕೆ ಹೇಗೆ ನಿರ್ಧರಿಸುತ್ತದೆ ಎಂದು ಡಿಸೆಂಬರ್‌ನಲ್ಲಿ ಗುಜರಾತ್ ಹೈಕೋರ್ಟ್ ತರಾಟೆಗೆ ತೆಗೆದುಕೊಂಡಿತು.

ಒಲೆ ಯಾರದ್ದು?

ಅಸಲು ಸಮಸ್ಯೆ ಇರುವುದು ಒಲೆಯಲ್ಲಿ. ಮೂರೂ ನಗರಗಳಲ್ಲಿ ಕೊಳವೆ ಅನಿಲವಿದೆ, ಆದರೆ ಸಂಪರ್ಕ ಇರುವುದು ಸಾಮಾನ್ಯವಾಗಿ ಮನೆ ಮಾಲೀಕರ ಹೆಸರಿನಲ್ಲಿ. ಪಿ.ಜಿ.ಗಳಲ್ಲಿ ಇಂಡಕ್ಷನ್ ಒಲೆಗೂ ಹಲವೆಡೆ ನಿಷೇಧ. ವೈರಿಂಗ್ ತಾಳುವುದಿಲ್ಲ ಎಂಬ ಭಯ ಪೂರ್ತಿ ಸುಳ್ಳಲ್ಲ. ಉಳಿದ ದಾರಿ 5 ಕಿಲೋ ಸಿಲಿಂಡರ್. ಇಂಡಿಯನ್ ಆಯಿಲ್ 2020ರ ಡಿಸೆಂಬರ್‌ನಲ್ಲಿ 'ಛೋಟು' ಎಂದು ಹೆಸರಿಟ್ಟ ಇದನ್ನು ಗುರುತಿನ ಚೀಟಿ ತೋರಿಸಿ ಪಡೆಯಬಹುದು, ವಿಳಾಸದ ದಾಖಲೆ ಬೇಡ. ಆದರೆ ಇದರ ದರ ಮಾರುಕಟ್ಟೆಯದ್ದು. ಮನೆಗಳಿಗೆ ಕೊಡುವ 14.2 ಕಿಲೋ ಸಿಲಿಂಡರ್‌ಗಿಂತ ಪ್ರತಿ ಕಿಲೋಗೆ ಹೆಚ್ಚು ಬೀಳುತ್ತದೆ. ಸ್ವಂತ ವಿಳಾಸವಿಲ್ಲದವರೇ ಅನಿಲಕ್ಕೆ ಹೆಚ್ಚು ತೆರುತ್ತಾರೆ. ಇಬ್ಬರು-ಮೂವರು ಹಂಚಿಕೊಂಡು ಒಮ್ಮೆಗೇ ಬೇಯಿಸಿದರೆ ಮಾತ್ರ ಹೊರೆ ಇಳಿಯುತ್ತದೆ.

ನೆರವು ಇದೆ, ಆದರೆ ಯಾರಿಗೆ?

ಗುಜರಾತ್ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಮರಳಿ ಆರಂಭಿಸಿದ ಶ್ರಮಿಕ ಅನ್ನಪೂರ್ಣ ಯೋಜನೆಯಲ್ಲಿ 5 ರೂಪಾಯಿಗೆ ಊಟ ಸಿಗುತ್ತದೆ. ಆದರೆ ಅದು ಕಟ್ಟಡ ಕಾರ್ಮಿಕರಿಗೆ ಮೀಸಲು. ಮೀಸಲಾತಿ ಇಲ್ಲದ ವರ್ಗಗಳ ವಿದ್ಯಾರ್ಥಿಗಳಿಗೆ ರಾಜ್ಯದ ನಿಗಮವೊಂದು 'ಭೋಜನ ಬಿಲ್ ಸಹಾಯ' ಕೊಡುತ್ತದೆ. ಅದಕ್ಕೆ ಹಾಸ್ಟೆಲ್ ವಾಸ ಬೇಕು. ಬಾಡಿಗೆ ಕೋಣೆಯಲ್ಲಿ ಬೇಯಿಸಿಕೊಳ್ಳುವವರು ಎರಡಕ್ಕೂ ಹೊರಗು.

ಕರ್ನಾಟಕ ಬೇರೆ ದಾರಿ ಹಿಡಿದಿದೆ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್‌ನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ನಿಗದಿಯಾಯಿತು. ವಿದ್ಯಾರ್ಥಿಯೋ ಕೂಲಿಯವರೋ ಎಂದು ಯಾರೂ ಕೇಳುವುದಿಲ್ಲ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗಾಗಿ ಬಂದ ವಿದ್ಯಾಸಿರಿ, ಊಟ-ವಸತಿ ಎರಡಕ್ಕೂ ಸೇರಿ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಕೊಡುವ ಯೋಜನೆಯಾಗಿ ಆರಂಭವಾಯಿತು. ಆ ಮೊತ್ತವನ್ನು ತಿಂಗಳ 60 ಊಟಕ್ಕೆ ಹಂಚಿದರೆ ತಲಾ 25 ರೂಪಾಯಿ. ಕ್ರಿಸಿಲ್ ಥಾಲಿಗೂ ಕಡಿಮೆ, ಕೋಣೆ ಬಾಡಿಗೆಯ ಮಾತು ಆಮೇಲೆ. ಆದರೂ ಸೀಟು ಸಿಗದವರೂ ಉಣ್ಣಬೇಕು ಎಂಬುದನ್ನು ಅದು ಒಪ್ಪಿಕೊಂಡಿತು.

ಪರಿಹಾರಗಳು ದೊಡ್ಡ ಖರ್ಚಿನವೇನಲ್ಲ. ಕಾಲೇಜು ಆವರಣದಲ್ಲಿ ಹೊರಗಿನ ವಿದ್ಯಾರ್ಥಿಗಳಿಗೂ ತೆರೆದ ಸಾಮಾನ್ಯ ಅಡುಗೆಮನೆ, ಪಿ.ಜಿ. ಪರವಾನಗಿಗೆ ಸುರಕ್ಷಿತ ಅಡುಗೆ ಜಾಗದ ಷರತ್ತು, ವಿದ್ಯಾರ್ಥಿ ಗುರುತಿನ ಚೀಟಿಗೆ ಗೃಹಬಳಕೆ ದರದಲ್ಲಿ ಸಣ್ಣ ಸಿಲಿಂಡರ್. 1973ರಲ್ಲಿ ವಿದ್ಯಾರ್ಥಿಗಳು ಕೇಳಿದ್ದು ಊಟದ ಬೆಲೆ ಇಳಿಸಿ ಎಂದು. ಇಂದು ಅಕ್ಕಿ-ಬೇಳೆಯ ಬೆಲೆ ಕೈಗೆಟುಕುವಂತಿದೆ. ಅದನ್ನು ಬೇಯಿಸಲು ಒಂದು ಜಾಗ ಸಿಗಬೇಕಿದೆ.