ಹದಕ್ಕೆ ಬಂದ ತಮಟೆ

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಹೆಸರನ್ನು ಭಾರತವೆಲ್ಲ ಕೇಳಿದ್ದು 1996ರಲ್ಲಿ, ಆ ಊರಿನಲ್ಲಿ ಹುಟ್ಟಿದ ಎಚ್. ಡಿ. ದೇವೇಗೌಡರು ಪ್ರಧಾನಮಂತ್ರಿಗಳಾದಾಗ. ಆ ವಾರ್ತೆಯನ್ನು ದೇಶಕ್ಕೆ ಸಾರಿದವು ವೃತ್ತಪತ್ರಿಕೆ, ಆಕಾಶವಾಣಿ ಮತ್ತು ದೂರದರ್ಶನ. ಈ ಸಾಧನಗಳೊಂದೂ ಇಲ್ಲದಿದ್ದ ಕಾಲದಲ್ಲಿ ಅಂಥ ಊರುಗಳಿಗೆ ಸುದ್ದಿ ಮುಟ್ಟಿಸುತ್ತಿದ್ದದ್ದು ಒಂದು ಬಳೆ, ಒಂದು ತೊಗಲು, ಎರಡು ಕಡ್ಡಿ, ಎಂದರೆ ತಮಟೆ. ಕಂದಾಯದ ಗಡುವು ಬಂದಿತೆಂದರೆ ತಮಟೆ, ಊರಹಬ್ಬ ಗೊತ್ತಾಯಿತೆಂದರೆ ತಮಟೆ, ದೇವರು ಬೀದಿಗೆ ಬಂದರೆ ತಮಟೆ, ಮನುಷ್ಯನು ಕೊನೆಯ ಪಯಣ ಹೊರಟರೂ ಮುಂದೆ ತಮಟೆ. ಹುಟ್ಟಿನಿಂದ ಮಣ್ಣಿನವರೆಗೆ ಕಿವಿಗೆ ಬೀಳುತ್ತಲೇ ಇರುವ ವಾದ್ಯವಾದುದರಿಂದಲೋ ಏನೋ, ಅದನ್ನು ಬಾರಿಸುವುದರಲ್ಲಿ ಒಂದು ವಿದ್ಯೆಯಿದೆಯೆಂಬುದು, ಬಾರಿಸುವುದಕ್ಕೆ ಮೊದಲು ಅದನ್ನು ಅಣಿಗೊಳಿಸುವುದರಲ್ಲಿ ಅದಕ್ಕಿಂತ ಸೂಕ್ಷ್ಮವಾದ ವಿದ್ಯೆಯಿದೆಯೆಂಬುದು ಬಹುಮಂದಿಯ ಗಮನಕ್ಕೆ ಬಂದಿಲ್ಲ.

ಹಳೆಯ ಮೈಸೂರಿನ ಕಡೆ ತಮಟೆ, ಕೆಲವೆಡೆ ಅರೆ, ಉತ್ತರ ಕರ್ನಾಟಕದಲ್ಲಿ ಹಲಗೆ, ತಮಿಳುನಾಡಿನಲ್ಲಿ ಪರೈ ಎಂದು ಈ ಬಗೆಯ ವಾದ್ಯಕ್ಕೆ ಹೆಸರುಗಳು ಹಲವು. ಹೆಸರು ಬದಲಾದರೂ ಗುಣ ಬದಲಾಗದು. ಇದು ಬಯಲಿನ ವಾದ್ಯ. ತೇರು, ಪಟಾಕಿ, ಜನರ ಕೂಗು ಇವೆಲ್ಲವನ್ನೂ ಸೀಳಿಕೊಂಡು ಊರಾಚೆಯ ಹೊಲದಲ್ಲಿರುವವನ ಕಿವಿಗೂ ತಲುಪುವುದು ಇದರ ಧರ್ಮ.

ಪಾಶ್ಚಾತ್ಯ ವಾದ್ಯಗಳಲ್ಲಿ ಇದಕ್ಕೊಂದು ದೂರದ ನಂಟುಂಟು. ಮದುವೆಯ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನವರು ಕೊರಳಿಗೆ ತೂಗುಹಾಕಿಕೊಳ್ಳುವ ಸೈಡ್ ಡ್ರಮ್, ಜಾತ್ರೆಯ ರಾತ್ರಿ ರಸಮಂಜರಿಯ ವೇದಿಕೆಯ ಮೇಲೆ ಡ್ರಮ್ ಬಾರಿಸುವವನ ಎರಡು ಮೊಳಕಾಲುಗಳ ನಡುವೆ ಕುಳಿತಿರುವ ಸ್ನೇರ್ ಡ್ರಮ್, ಎರಡೂ ಒಂದೇ ಮನೆತನದವು. ಡಚ್ ಭಾಷೆಯಲ್ಲಿ ‘ಸ್ನಾರ್’ ಎಂದರೆ ತಂತಿ. ಆ ಡ್ರಮ್ಮಿನ ಕೆಳಮುಖದ ಚರ್ಮಕ್ಕೆ ತಾಗಿದಂತೆ ತಂತಿಗಳ ಸಾಲೊಂದನ್ನು ಬಿಗಿದಿರುತ್ತಾರೆ. ಹಿಂದೆ ಅವು ಪ್ರಾಣಿಗಳ ಕರುಳಿನಿಂದ ಮಾಡಿದವು. ಈಗ ಸುರುಳಿ ಸುತ್ತಿದ ಲೋಹದ ಎಳೆಗಳು, ಸಾಮಾನ್ಯವಾಗಿ ಇಪ್ಪತ್ತು. ಮೇಲ್ಮುಖಕ್ಕೆ ಪೆಟ್ಟು ಬಿದ್ದೊಡನೆ ಒಳಗಿನ ಗಾಳಿ ಕೆಳಮುಖವನ್ನು ತಳ್ಳುತ್ತದೆ, ಎಳೆಗಳು ಅದರ ಮೇಲೆ ಪುಟಿದು ಬೀಳುತ್ತವೆ, ‘ಢಂ’ ಎನ್ನಬೇಕಾದದ್ದು ‘ಛಟ್’ ಎನ್ನುತ್ತದೆ.

ತಮಟೆಗೆ ಕೆಳಮುಖವೂ ಇಲ್ಲ, ತಂತಿಯೂ ಇಲ್ಲ. ಆದರೆ ಆ ‘ಛಟ್’ ಅದರಲ್ಲಿಯೂ ಇದೆ. ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕೋಲು. ಬಳೆಯ ಅಂಚಿಗೆ ಊರಿದ ಎಡಗೈಯಲ್ಲಿ ಉದ್ದನೆಯ, ಬಳುಕುವ, ಸಣ್ಣ ಬಿದಿರುಕಡ್ಡಿ. ದಪ್ಪ ಕೋಲು ನಾದದ ಮೈಯನ್ನು ಕೊಟ್ಟರೆ ಸಣ್ಣ ಕಡ್ಡಿ ಅದಕ್ಕೆ ಕಿಡಿಯನ್ನು ಹಚ್ಚುತ್ತದೆ. ಪಶ್ಚಿಮದವರು ತಂತಿಗೆ ಒಪ್ಪಿಸಿದ ಕೆಲಸವನ್ನು ಈ ನಾಡಿನವರು ಎಡಗೈಯ ಕಡ್ಡಿಗೆ ಒಪ್ಪಿಸಿದ್ದಾರೆ. ಎರಡು ವಾದ್ಯಗಳ ಸುಖದುಃಖಗಳೂ ಒಂದೇ: ಚರ್ಮ ಬಿಗಿಯಾಗಿದ್ದರೆ ಮಾತ್ರ ಕಿಡಿ ಹಾರುತ್ತದೆ, ಸಡಿಲವಾದರೆ ಕಂಬಳಿ ಕೊಡವಿದ ಸದ್ದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮೃದಂಗಕ್ಕೆ ಶ್ರುತಿ ಮಾಡುವುದುಂಟು; ತಮಟೆಗೂ ಸ್ನೇರಿಗೂ ಎಲ್ಲಿಯ ಶ್ರುತಿ? ಮೃದಂಗ ತಬಲಗಳ ನಾದ ಏಕೆ ಇಂಪಾಗಿದೆಯೆಂಬುದನ್ನು ಸಿ. ವಿ. ರಾಮನ್ ಅವರು ಶಿವಕಾಳಿ ಕುಮಾರರೊಡನೆ 1920ರಲ್ಲಿಯೂ, ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ 1934ರಲ್ಲಿ ಮತ್ತೊಮ್ಮೆಯೂ ವಿವರಿಸಿದರು. ಮುಖದ ನಡುವೆ ಮೆತ್ತಿದ ಕರಣೆಯ ಭಾರದಿಂದ ಚರ್ಮದ ಕಂಪನಗಳು ಒಂದಕ್ಕೊಂದು ಹೊಂದುವ ಸ್ವರಗಳಾಗುತ್ತವೆಂಬುದು ಅವರ ವಿವರಣೆಯ ತಿರುಳು. ತಮಟೆಯ ತೊಗಲು ಬರಿಯ ತೊಗಲು. ಅದರ ಕಂಪನಗಳು ಹಾಗೆ ಒಂದಕ್ಕೊಂದು ಹೊಂದುವುದಿಲ್ಲ. ಸಂತೆಯ ಜನರಂತೆ ಎಲ್ಲವೂ ಒಮ್ಮೆಗೇ ಮಾತನಾಡುತ್ತವೆ. ಆದುದರಿಂದ ತಮಟೆಯನ್ನು ಷಡ್ಜಕ್ಕೋ ಪಂಚಮಕ್ಕೋ ಕೂಡಿಸುವುದು ಗುರಿಯಲ್ಲ. ಗುರಿಯೆಂದರೆ ಮೂರು: ಮುಖದ ಎಲ್ಲ ಭಾಗವೂ ಸಮನಾಗಿ ಬಿಗಿದಿರಬೇಕು, ಪೆಟ್ಟು ಥಟ್ಟನೆ ಹುಟ್ಟಿ ಥಟ್ಟನೆ ಅಡಗಬೇಕು, ಮೇಳದ ನಾಲ್ಕಾರು ತಮಟೆಗಳ ಕಂಠ ಒಂದರ ಹತ್ತಿರ ಒಂದಿರಬೇಕು. ಇವು ಮೂರೂ ಕೂಡಿದ ಸ್ಥಿತಿಗೆ ಕನ್ನಡದಲ್ಲಿ ಒಂದೇ ಮಾತಿದೆ: ಹದ. ಬೆಲ್ಲದ ಪಾಕಕ್ಕೂ, ಉತ್ತ ನೆಲಕ್ಕೂ, ತಮಟೆಗೂ ಸಲ್ಲುವ ಮಾತು ಅದು.

ಹದವು ಕೊಳ್ಳುವಾಗಲೇ ಆರಂಭವಾಗುತ್ತದೆ. ಅನುಭವಿಯಾದವನು ತಮಟೆಯನ್ನು ಮೊದಲು ಬಾರಿಸುವುದಿಲ್ಲ. ಬೆಳಕಿಗೆ ಹಿಡಿದು ನೋಡುತ್ತಾನೆ. ತೊಗಲಿನಲ್ಲಿ ಗಾಯದ ಕಲೆಯಾಗಲಿ ಹೊಲಿಗೆಯಾಗಲಿ ಕಂಡರೆ ಅದನ್ನು ಬದಿಗಿಡುತ್ತಾನೆ. ಬೆಂಕಿಯ ಮುಂದೆ ಮೊದಲು ಬಿರಿಯುವುದು ಅಲ್ಲಿಯೇ. ಒಂದು ಕಡೆ ದಪ್ಪ ಒಂದು ಕಡೆ ತೆಳುವಾದ ತೊಗಲು ಎಷ್ಟು ಕಾಯಿಸಿದರೂ ಎರಡು ದನಿಯಲ್ಲಿ ನುಡಿಯುತ್ತದೆ. ಮೇಕೆಯ ತೊಗಲು ತೆಳು. ಬೇಗ ಕಾಯುತ್ತದೆ, ಚುರುಕಾಗಿ ನುಡಿಯುತ್ತದೆ. ಕರುವಿನ ತೊಗಲು ದಪ್ಪ. ತಡವಾಗಿ ಕಾಯುತ್ತದೆ, ಪೆಟ್ಟು ತಾಳುತ್ತದೆ. ಆಮೇಲೆ ಬಳೆಯ ಸರದಿ. ಮರದ್ದಾದರೆ ಹಗುರ, ಕಬ್ಬಿಣದ್ದಾದರೆ ಬಾಳಿಕೆ ಹೆಚ್ಚು. ಯಾವುದೇ ಆದರೂ ಸೊಟ್ಟವಿರಬಾರದು. ನೆನೆಸಿದ ತೊಗಲನ್ನು ಹುಣಿಸೆಬೀಜದ ಅಂಟಿನಿಂದ ಬಳೆಗೆ ಕೂರಿಸುವ ಪದ್ಧತಿ ದಕ್ಷಿಣದಲ್ಲಿ ಹಳೆಯದು. ಬಳೆ ಸೊಟ್ಟವಾದರೆ ಆ ಅಂಟು ಒಂದು ಕಡೆ ಎದ್ದು ಬಂದು ಮೆರವಣಿಗೆಯ ನಡುವೆ ಮಾನ ಕಳೆಯುತ್ತದೆ.

ಇನ್ನು ಬೆಂಕಿ. ತೊಗಲು ಗಾಳಿಯ ತೇವವನ್ನು ಕುಡಿಯುತ್ತದೆ, ಕುಡಿದಷ್ಟೂ ಹಿಗ್ಗಿ ಸಡಿಲವಾಗುತ್ತದೆ. ಕಾವು ಆ ತೇವವನ್ನು ಹೀರಿ ತೊಗಲನ್ನು ಕುಗ್ಗಿಸುತ್ತದೆ. ಬಳೆ ಬಿಡದೆ ಹಿಡಿದಿರುವುದರಿಂದ ಕುಗ್ಗುವಿಕೆಯೇ ಬಿಗಿಯಾಗುತ್ತದೆ. ನಾದ ಒಂದು ಸ್ಥಾಯಿಯಷ್ಟು ಮೇಲೇರಬೇಕಾದರೆ ಬಿಗಿ ನಾಲ್ಕು ಪಟ್ಟಾಗಬೇಕೆಂಬುದು ಭೌತಶಾಸ್ತ್ರದ ಲೆಕ್ಕ. ಲೆಕ್ಕ ತಿಳಿಯದ ತಮಟೆಗಾರನಿಗೆ ಅದರ ಫಲ ಚೆನ್ನಾಗಿ ತಿಳಿದಿದೆ. ಒಂದು ತಬ್ಬು ಒಣಹುಲ್ಲು ಅಥವಾ ತೆಂಗಿನ ಗರಿ ಹಾಕಿ ಉರಿ ಎಬ್ಬಿಸುತ್ತಾನೆ. ತಮಟೆಯನ್ನು ಉರಿಯ ಮೇಲಿಡುವುದಿಲ್ಲ, ಉರಿಗೆ ತೋರಿಸುತ್ತಾನೆ. ಬಳೆಯನ್ನು ತಿರುಗಿಸುತ್ತ, ಹತ್ತಿರ ಒಯ್ದು ದೂರ ಸರಿಸುತ್ತ, ನಡುನಡುವೆ ಬೆರಳಿನಿಂದ ಮೀಟಿ ಕೇಳುತ್ತಾನೆ. ‘ಬೊದ್’ ಎನ್ನುತ್ತಿದ್ದದ್ದು ‘ದಂ’ ಎಂದು, ‘ದಂ’ ಎಂದದ್ದು ‘ಠಣ್’ ಎನ್ನುವವರೆಗೆ ಈ ಆರೈಕೆ. ಒಂದು ಕ್ಷಣ ಹೆಚ್ಚಾದರೆ ತೊಗಲು ಸೀದು ಬಿರಿಯುತ್ತದೆ. ಕಡಿಮೆಯಾದರೆ ಹತ್ತು ಹೆಜ್ಜೆ ನಡೆಯುವುದರೊಳಗೆ ದನಿ ಕುಸಿಯುತ್ತದೆ.

ಊರಿನಿಂದ ಊರಿಗೆ ಈ ಹದ ಬೇರೆ. ಚನ್ನರಾಯಪಟ್ಟಣದ ಬಯಲುಸೀಮೆಯ ಒಣಗಾಳಿಯಲ್ಲಿ ಒಮ್ಮೆ ಕಾಯಿಸಿದ ತಮಟೆ ಬಹಳ ಹೊತ್ತು ನಿಲ್ಲುತ್ತದೆ. ಅದೇ ತಮಟೆಯನ್ನು ಅರಕಲಗೂಡಿನ ಪಶ್ಚಿಮದ ಅರೆಮಲೆನಾಡಿಗೆ ಭಾದ್ರಪದದ ಜಿನುಗುಮಳೆಯಲ್ಲಿ ಒಯ್ದರೆ ಮತ್ತೆ ಮತ್ತೆ ಬೆಂಕಿಯ ಬಳಿಗೆ ಓಡಬೇಕು. ಸಂಕ್ರಾಂತಿಯಿಂದ ಯುಗಾದಿಯವರೆಗಿನ ಹಬ್ಬಗಳಲ್ಲಿ ಹಗಲು ಬಿಸಿಲೇ ಬೆಂಕಿಯ ಕೆಲಸ ಮಾಡುತ್ತದೆ. ನಡುರಾತ್ರಿ ದಾಟಿ ಇಬ್ಬನಿ ಇಳಿಯತೊಡಗಿದರೆ ಹಗಲಿನ ಬಿಗಿ ಕರಗುತ್ತದೆ. ಹಳೇಬೀಡಿನ ಗೋಡೆಯ ಮೇಲಿನ ಕಲ್ಲಿನ ಮದ್ದಳೆಗಾರರಿಗೆ ಈ ಕಷ್ಟವಿಲ್ಲ. ಶತಮಾನಗಳಿಂದ ಅವರ ವಾದ್ಯ ಬಿಗಿಯಾಗಿಯೇ ಇದೆ, ನುಡಿಯುವುದಿಲ್ಲ ಅಷ್ಟೆ.

ಸ್ನೇರ್ ಡ್ರಮ್ಮಿಗೆ ಬೆಂಕಿಯ ಬದಲು ಕೀಲಿ. ಕೊಳ್ಳುವವನು ಮೊದಲು ತಾನು ಬಾರಿಸುವ ಜಾಗವನ್ನು ನೆನೆಯಬೇಕು. ಬೀದಿಯ ಮೆರವಣಿಗೆಗೆ ಹಿತ್ತಾಳೆಯಂಥ ಲೋಹದ ಒಡಲು; ಅದರ ದನಿಗೆ ಮೊನೆಯಿದೆ. ಚಿಕ್ಕ ಸಭಾಂಗಣಕ್ಕೆ ಮರದ ಒಡಲು. ಅದರ ದನಿ ಮೃದು. ವೇದಿಕೆಗಳಲ್ಲಿ ಸಾಮಾನ್ಯವಾಗಿ ಕಾಣುವುದು 14 ಅಂಗುಲ ಅಗಲದ, 5ರಿಂದ 6 ಅಂಗುಲ ಆಳದ ಡ್ರಮ್. ಆಳ ಹೆಚ್ಚಿದಂತೆ ನಾದಕ್ಕೆ ತೂಕ ಹೆಚ್ಚು, ಚುರುಕು ಕಡಿಮೆ.

ಶ್ರುತಿ ಮಾಡುವ ಕ್ರಮ ಸರಳ, ಅದಕ್ಕೆ ಬೇಕಾದ ಸಹನೆ ಸರಳವಲ್ಲ. ಸುತ್ತಲಿನ ತಿರುಪುಗಳನ್ನೆಲ್ಲ ಮೊದಲು ಬೆರಳಿನಿಂದಲೇ ಬಿಗಿಯಬೇಕು. ಆಮೇಲೆ ಕೀಲಿಯಿಂದ ಅರ್ಧರ್ಧ ಸುತ್ತು. ಅದೂ ಸಾಲಾಗಿ ಅಲ್ಲ, ಒಂದಾದ ಮೇಲೆ ಅದರ ಎದುರಿನದು. ಬಂಡಿಯ ಚಕ್ರಕ್ಕೆ ಪಟ್ಟಿ ಹಾಕುವವನು ಒಂದೇ ಕಡೆ ಬಡಿಯುತ್ತ ಹೋಗುವನೆ? ಪ್ರತಿ ತಿರುಪಿನ ಮುಂದೆ ಒಂದಂಗುಲ ಒಳಗೆ ಮೆಲ್ಲನೆ ತಟ್ಟಿ, ಎಲ್ಲ ಕಡೆಯೂ ಒಂದೇ ದನಿ ಬರುವಂತೆ ಸರಿಪಡಿಸಬೇಕು. ಕೆಳಮುಖದ ತೊಗಲು ಬಹಳ ತೆಳು. ಅದನ್ನು ಸಾಮಾನ್ಯವಾಗಿ ಮೇಲಿನದಕ್ಕಿಂತ ಬಿಗಿಯಾಗಿಡುತ್ತಾರೆ. ಕೊನೆಗೆ ತಂತಿ. ಅದು ಅತಿಯಾಗಿ ಬಿಗಿದರೆ ಡ್ರಮ್ಮಿನ ಉಸಿರು ಕಟ್ಟುತ್ತದೆ. ಸಡಿಲವಾದರೆ ಪೆಟ್ಟು ಮುಗಿದ ಮೇಲೂ ಜೀರುಂಡೆಯಂತೆ ಗುಂಯ್ಗುಡುತ್ತದೆ. ಪಕ್ಕದವನು ಗಿಟಾರಿನ ಮಂದ್ರ ತಂತಿ ಮಿಡಿದರೂ, ಯಾರೂ ಮುಟ್ಟದ ಸ್ನೇರ್ ತಾನಾಗಿ ಕಂಪಿಸುವುದುಂಟು. ಹಾಡು ಮೆಲ್ಲನೆ ಸಾಗುವಾಗ ಜಾಣನಾದವನು ಪಕ್ಕದ ಹಿಡಿಕೆ ತಿರುಗಿಸಿ ತಂತಿಯನ್ನು ಕೆಳಗಿಳಿಸಿಡುತ್ತಾನೆ. ಸಂಜೆ ಬರಿಯ ಮೈದಾನದಲ್ಲಿ ಸರಿಯೆನಿಸಿದ ದನಿ ರಾತ್ರಿ ಜನ ತುಂಬಿದಾಗ ಮಂಕಾಗುವುದೂ ಸಹಜ. ಮನುಷ್ಯರ ಮೈಯೂ ಬಟ್ಟೆಯೂ ನಾದವನ್ನು ಹೀರುತ್ತವೆ. ಆಗ ತುಸು ಬಿಗಿ ಹೆಚ್ಚಿಸಬೇಕು.

ತೇವದ ಕಾಟದಿಂದ ಪಾರಾಗಲು ಅಮೆರಿಕದ ಡ್ರಮ್ ತಯಾರಕರು 1957ರ ಸುಮಾರಿಗೆ ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆಯಿಂದ ಮಾಡಿದ ಮುಖಗಳನ್ನು ಮಾರುಕಟ್ಟೆಗೆ ತಂದರು. ಮಳೆಗೂ ಬಿಸಿಲಿಗೂ ಅದು ಜಗ್ಗದು. ಇಂದು ತಮಟೆಗೂ ಪ್ಲಾಸ್ಟಿಕ್ ಮುಖ ಬಂದಿದೆ; ಕಬ್ಬಿಣದ ಬಳೆ, ಸುತ್ತ ತಿರುಪು, ಬೆಂಕಿಯ ಗೊಡವೆಯಿಲ್ಲ. ಮಳೆಗಾಲದ ಗಣಪತಿ ಮೆರವಣಿಗೆಯಲ್ಲಿ ಅದನ್ನು ಹಿಡಿದವನನ್ನು ಹಳಿಯುವುದು ನ್ಯಾಯವಲ್ಲ. ಅದರಿಂದ ಅವನ ಸಂಜೆಯ ಕೂಲಿ ಉಳಿಯುತ್ತದೆ. ಆದರೆ ಅದರ ದನಿ ಚುರುಕಾದರೂ ತೆಳು. ತೊಗಲು ಪೆಟ್ಟನ್ನು ಒಳಕ್ಕೆ ಎಳೆದುಕೊಂಡು ಮರಳಿಸುತ್ತದೆ, ಪ್ಲಾಸ್ಟಿಕ್ಕು ಬಂದ ಪೆಟ್ಟನ್ನು ಬಂದಂತೆಯೇ ಹಿಂದಕ್ಕೆಸೆಯುತ್ತದೆ. ಕುಣಿಯುವವನ ಕಾಲಿಗೆ ಈ ವ್ಯತ್ಯಾಸ ಕಿವಿಗಿಂತ ಮೊದಲು ತಿಳಿಯುತ್ತದೆ.

ಹೀಗಿದ್ದರೂ ತೊಗಲಿನ ತಮಟೆ ಹಿಂದೆ ಸರಿಯುತ್ತಿರುವುದಕ್ಕೆ ಕಾರಣ ಮಳೆಯೊಂದೇ ಅಲ್ಲ. ಹಬ್ಬದ ವ್ಯವಸ್ಥೆ ನಡೆಯುವ ರೀತಿಯನ್ನು ಗಮನಿಸಿದರೆ ಸಾಕು. ರಸಮಂಜರಿಯವರು ಮಧ್ಯಾಹ್ನವೇ ಬಂದಿಳಿಯುತ್ತಾರೆ. ‘ಹಲೋ, ಮೈಕ್ ಟೆಸ್ಟಿಂಗ್’ ಎಂದು ಗಂಟೆಗಟ್ಟಲೆ ನಡೆಯುವ ಪರೀಕ್ಷೆಯನ್ನು ಊರಿಗೆ ಊರೇ ಸಹಿಸಿಕೊಳ್ಳುತ್ತದೆ. ಕಾಫಿ ತಿಂಡಿಯೂ ವೇದಿಕೆಗೇ ಹೋಗುತ್ತದೆ. ತಮಟೆಯವರು ಬಂದು ನಾಲ್ಕು ಕಡ್ಡಿ ಹುಲ್ಲು ಹುಡುಕುವಷ್ಟರಲ್ಲಿ, “ಇನ್ನೂ ಏನ್ರಯ್ಯಾ, ದೇವರು ಹೊರಡ್ತು, ಹೊಡೀರಿ” ಎಂಬ ಗದರಿಕೆ ಕೇಳಿಬರುತ್ತದೆ. ಕಾಯದ ತಮಟೆಯೊಡನೆಯೇ ಅವರು ಮುಂದೆ ನಡೆಯಬೇಕು. ದನಿ ಏಳುವುದಿಲ್ಲ. “ಈಗಿನವರಿಗೆ ಹಳಬರ ಕೈ ಬರಲಿಲ್ಲ” ಎಂಬ ತೀರ್ಪು ಮಾತ್ರ ಕೂಡಲೇ ಹೊರಬೀಳುತ್ತದೆ. ಕಿತ್ತುಕೊಂಡದ್ದು ಅರ್ಧ ಗಂಟೆ. ಕೆಟ್ಟ ಹೆಸರು ಬಂದದ್ದು ವಿದ್ಯೆಗೆ.

ಈ ಆತುರದ ಬೇರು ಆಳವಾಗಿದೆ. ತಮಟೆ ಬಾರಿಸುವುದನ್ನು ಕಲೆಯೆಂದು ಕರೆಯದೆ ಕರ್ತವ್ಯವೆಂದು ಕರೆದು, ದಲಿತರ ಕೇರಿಗಳ ಮೇಲೆ ಬಿಟ್ಟಿಯಾಗಿ ಹೊರಿಸಿದ ಕಾಲವೊಂದಿತ್ತು. ದೇವರ ಮುಂದೆ ನಡೆದ ವಾದ್ಯಗಾರ ದೇವರ ಗುಡಿಯ ಹೊರಗೆ ನಿಲ್ಲಬೇಕಾಗಿತ್ತು. 1970ರ ದಶಕದಲ್ಲಿ ಕರ್ನಾಟಕದಲ್ಲಿ ಎದ್ದ ದಲಿತ ಚಳವಳಿ ಇಂಥ ಬಿಟ್ಟಿ ಚಾಕರಿಯನ್ನು ಪ್ರಶ್ನಿಸಿತು. ಬಲವಂತಕ್ಕೆ ತಮಟೆ ಬಾರಿಸುವುದಿಲ್ಲವೆಂದು ಹಲವರು ಕಡ್ಡಿ ಕೆಳಗಿಟ್ಟರು. ಹಾಗೆ ಕೆಳಗಿಟ್ಟದ್ದು ವಾದ್ಯದ ಮೇಲಿನ ಮುನಿಸಲ್ಲ. ಚಳವಳಿಯ ಮೆರವಣಿಗೆಗಳಲ್ಲಿ ಅದೇ ತಮಟೆ ಸ್ವಂತ ಇಚ್ಛೆಯಿಂದ ಮೊಳಗಿದ್ದನ್ನು ಕೇಳಿದವರಿದ್ದಾರೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಸಂದಿತು. ಕೇರಿಯ ವಾದ್ಯ ರಾಷ್ಟ್ರಪತಿ ಭವನದ ಗೌರವವನ್ನು ಪಡೆಯಿತು. ಆದರೂ ಊರ ಚಾವಡಿಯ ಮುಂದೆ ಅದಕ್ಕೆ ಕಾಯಿಸಿಕೊಳ್ಳುವಷ್ಟು ಹೊತ್ತು ಸಿಗದೆಂದರೆ, ಗೌರವವು ದಾರಿಯಲ್ಲಿ ಎಲ್ಲಿಯೋ ತಂಗಿದೆಯೆಂದೇ ತಿಳಿಯಬೇಕು.

ಪರಿಹಾರವೇನೂ ದುಬಾರಿಯದಲ್ಲ. ಹಬ್ಬದ ಸಮಿತಿಯವರು ಖರ್ಚಿನ ಪಟ್ಟಿ ಬರೆಯುವಾಗ ಶಾಮಿಯಾನ, ಧ್ವನಿವರ್ಧಕ, ದೀಪಾಲಂಕಾರಗಳ ಕೆಳಗೆ ಇನ್ನೆರಡು ಸಾಲು ಸೇರಿಸಲಿ. ತಮಟೆಯವರ ಸಂಭಾವನೆಯನ್ನು ಮೊದಲೇ ಮಾತಾಡಿ ಬರೆಯುವುದು ಒಂದು. ಗಾಳಿ ಬೀಸದ ಒಂದು ಮೂಲೆ, ಒಂದು ಹೊರೆ ಒಣಹುಲ್ಲು, ದೇವರು ಹೊರಡುವುದಕ್ಕೆ ಮುಂಚೆ ಅರ್ಧ ಗಂಟೆ, ಇದು ಇನ್ನೊಂದು. ಮಳೆಯ ದಿನವಾದರೆ ಮೆರವಣಿಗೆ ನಿಲ್ಲುವ ಕಡೆಯಲ್ಲೆಲ್ಲ ಮತ್ತೊಂದು ಹಿಡಿ ಹುಲ್ಲು. ಹರದನಹಳ್ಳಿಯ ಸುತ್ತಿನ ಊರುಗಳಲ್ಲಿ ಹುಲ್ಲಿಗೆ ಬರವಿಲ್ಲ, ತೆಂಗಿನ ಗರಿಗೂ ಬರವಿಲ್ಲ. ತಮಟೆ ಹದಕ್ಕೆ ಬಂತೆಂದು ಹೇಳುವ ಅಧಿಕಾರವನ್ನು ಮಾತ್ರ ಅದನ್ನು ಬೆಂಕಿಗೆ ಹಿಡಿದವನಿಗೇ ಬಿಡಬೇಕು.