ಪ್ಲೆಥೋರಾ ಆಮೇಲೆ, ಮೊದಲು ‘ಹೋಟೆಲ್’ ಕಲೀರಿ

1/6

ಫೋಟೋದಲ್ಲಿರೋ ಸ್ಪೈರಲ್ ಬೈಂಡಿಂಗ್ ಪುಸ್ತಕದ ಮೇಲೆ ದಪ್ಪಕ್ಷರದಲ್ಲಿ ‘ಬ್ಯಾಂಡ್ 8ಕ್ಕೆ 5000 ಪದಗಳು’ ಅಂತಿದೆ. ಇಂದಿರಾನಗರದ ಒಂದು ಕೋಚಿಂಗ್‌ನಲ್ಲಿ ಫೀಸ್ ಕಟ್ಟಿದವರಿಗೆ ಕೊಟ್ಟ ಪಿಡಿಎಫ್ ಅದು. ಅಲ್ಲಿಂದ ವಾಟ್ಸಾಪ್‌ಗೆ ಬಂತು, ಶಿವಾಜಿನಗರದ ಜೆರಾಕ್ಸ್ ಅಂಗಡಿಗೆ ಹೋಯ್ತು, ಈಗ ನಮ್ಮ ಕ್ಲಾಸಲ್ಲಿ ಒಂಬತ್ತು ಜನರ ಬ್ಯಾಗಲ್ಲಿದೆ. ‘ಎ’ ಇಂದ ಶುರು: ಅಬೇಟ್, ಅಬ್ಹಾರ್, ಅಬ್ಸ್ಟೀಮಿಯಸ್. ಒಂಬತ್ತು ಜನರನ್ನೂ ಕೇಳಿದೆ. ಒಬ್ರೂ ‘ಸಿ’ ದಾಟಿಲ್ಲ.

ದಾಟದೇ ಇರೋದೇ ಒಳ್ಳೇದು ಅನ್ನೋದು ನನ್ನ ವಾದ. ಐಲ್ಟ್ಸ್ ಬರೆಯೋಕೆ 17 ಸಾವಿರಕ್ಕೂ ಮೇಲೆ ಬೇಕು. ಫಲಿತಾಂಶ ಎರಡೇ ವರ್ಷ ನಡೆಯುತ್ತೆ. ಬೇಕಾಗಿದ್ದು 6.5, ಬಂದಿದ್ದು 6 ಅಂದ್ರೆ ಮತ್ತೆ ದುಡ್ಡು. ಮನೆಯಲ್ಲಿ ಅಪ್ಪ ಅಮ್ಮ ಚೀಟಿ ಎತ್ತಿ ಕೊಟ್ಟ ದುಡ್ಡು ಅದು. ಅದಕ್ಕೇ ಈ ಆರು ಪೋಸ್ಟ್. ಪೂರ್ತಿ ಓದಿ, ಆಮೇಲೆ ಬೈಯಿರಿ.

2/6

ಮೊದಲು ಪರೀಕ್ಷೆ ಏನು ಕೇಳುತ್ತೆ ನೋಡೋಣ. ರೈಟಿಂಗ್‌ನಲ್ಲಿ ನಾಲ್ಕು ಅಂಶಕ್ಕೆ ಅಂಕ, ನಾಲ್ಕಕ್ಕೂ ಸಮ ತೂಕ. ಅದರಲ್ಲಿ ಪದಸಂಪತ್ತು ಒಂದು, ಅಂದ್ರೆ ಕಾಲು ಭಾಗ. ಸ್ಪೀಕಿಂಗ್‌ನಲ್ಲೂ ಹಾಗೇ. ಯಾವ ಬ್ಯಾಂಡಿಗೆ ಏನಿರಬೇಕು ಅನ್ನೋದನ್ನ ಅವರೇ ವೆಬ್‌ಸೈಟಲ್ಲಿ ಬಿಟ್ಟಿಯಾಗಿ ಹಾಕಿದ್ದಾರೆ, ಕೆಲವೇ ಪುಟ. 5000 ಪದ ಜೆರಾಕ್ಸ್ ಮಾಡಿಸಿದವರಲ್ಲಿ ಆ ಪುಟಗಳನ್ನ ಎಷ್ಟು ಜನ ಓದಿದ್ದೀರಾ?

ಬ್ಯಾಂಡ್ 7ರಲ್ಲಿ ಅವರು ಹುಡುಕೋದು ನಿಖರತೆ, ಮತ್ತೆ ಯಾವ ಪದದ ಪಕ್ಕ ಯಾವ ಪದ ಕೂರುತ್ತೆ ಅನ್ನೋ ಅರಿವು. ಅಪರೂಪದ ಪದದ ಮಾತೂ ಇದೆ, ಆದ್ರೆ ಈ ಅರಿವಿನ ಜೊತೆಗೇ. ಬಾಯಿಪಾಠದ ವಾಕ್ಯಗಳನ್ನ ಹೊಂದದ ಕಡೆ ತುರುಕೋದರ ಪ್ರಸ್ತಾಪ ಎಲ್ಲಿದೆ ಗೊತ್ತಾ? ಬ್ಯಾಂಡ್ 4ರಲ್ಲಿ! ‘ಇನ್ ದಿಸ್ ಫಾಸ್ಟ್ ಪೇಸ್ಡ್ ಮಾಡರ್ನ್ ಎರಾ’ ಅಂತ ಎಲ್ಲ ಪ್ರಬಂಧಕ್ಕೂ ಒಂದೇ ಬಾಗಿಲು ಇಡ್ತೀರಲ್ಲ, ಅದು ಬಾಯಿಪಾಠ ಅಂತ ಪರೀಕ್ಷಕರಿಗೆ ಮೊದಲ ಸಾಲಿಗೇ ಗೊತ್ತಾಗುತ್ತೆ.

ಪ್ಲೆಥೋರಾ ಕಥೆ ಕೇಳಿ. ಮೂಲದಲ್ಲಿ ಅದು ವೈದ್ಯರ ಪದ, ಮೈಯಲ್ಲಿ ರಕ್ತ ಅತಿಯಾಗೋದು. ಈಗಲೂ ಅದರಲ್ಲಿ ‘ಬೇಕಾದ್ದಕ್ಕಿಂತ ಜಾಸ್ತಿ’ ಅನ್ನೋ ವಾಸನೆ ಉಳಿದಿದೆ. ನೀವು ನಿಮ್ಮ ಸರ್ಕಾರಿ ಶಾಲೆಯನ್ನ ಹೊಗಳೋಕೆ ಹೋಗಿ ‘ಪ್ಲೆಥೋರಾ ಆಫ್ ಟೀಚರ್ಸ್’ ಅಂತ ಬರೆದ್ರೆ, ಓದಿದವರಿಗೆ ಮೇಷ್ಟ್ರು ಹೆಚ್ಚಾಗಿ ಜಾಗ ಸಾಲ್ತಿಲ್ಲ ಅಂತ ಕೇಳಿಸಬಹುದು. ‘ಮೆನಿ ಗುಡ್ ಟೀಚರ್ಸ್’ ಅಂದಿದ್ರೆ ಮುಗೀತಿತ್ತು.

3/6

ಕನ್ನಡದಲ್ಲೇ ನೋಡಿ. ಸೀರೆ ಉಡ್ತೀವಿ. ಹೂ ಮುಡೀತೀವಿ. ಬಳೆ ತೊಡ್ತೀವಿ. ಕುಂಕುಮ ಇಡ್ತೀವಿ. ಕನ್ನಡಕ ಹಾಕ್ತೀವಿ. ಐದಕ್ಕೂ ಇಂಗ್ಲಿಷಲ್ಲಿ ‘ವೇರ್’ ಒಂದೇ ಸಾಕು. ಈ ಐದನ್ನ ನಿಮಗೆ ಯಾರಾದ್ರೂ ಪಿಡಿಎಫ್ ಕೊಟ್ಟು ಕಲಿಸಿದ್ರಾ? ಯಾರೋ ಹೊಸದಾಗಿ ಕನ್ನಡ ಕಲಿತವರು ಬಂದು ‘ಅವಳು ಸೀರೆ ಮುಡಿದಳು’ ಅಂದ್ರೆ ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡ್ಕೊಂಡು ನಗ್ತಾರೆ. ಪದ ಕನ್ನಡದ್ದೇ, ವ್ಯಾಕರಣ ಸರಿ, ಆದ್ರೂ ನಗು. ಪಟ್ಟಿಯಿಂದ ಎತ್ತಿದ ಪದ ಇಂಗ್ಲಿಷ್ ಓದುಗರಿಗೆ ಹೀಗೇ ಕೇಳ್ಸೋದು.

ಉಲ್ಟಾನೂ ಇದೆ. ಜೋರು ಮಳೆ, ಜೋರು ಗಾಳಿ, ಜೋರು ಜ್ವರ, ಜೋರು ದನಿ. ನಮಗೆ ಎಲ್ಲಕ್ಕೂ ಜೋರೇ. ಇಂಗ್ಲಿಷಲ್ಲಿ ಮಳೆ ಹೆವಿ, ಗಾಳಿ ಸ್ಟ್ರಾಂಗ್, ಜ್ವರ ಹೈ, ದನಿ ಲೌಡ್. ಈ ನಾಲ್ಕೂ ನಿಮಗೆ ಏಳನೇ ಕ್ಲಾಸಿಂದ ಗೊತ್ತು. ಬರೆಯುವಾಗ ಸರಿಯಾದ ಜೋಡಿ ಕೈಗೆ ಬರುತ್ತಾ ಅನ್ನೋದೇ ಪ್ರಶ್ನೆ. ದರ್ಶಿನಿಯಲ್ಲಿ ‘ಒಂದು ಸ್ಟ್ರಾಂಗ್ ಕಾಫಿ’ ಅಂತ ಎಷ್ಟು ಸಲೀಸಾಗಿ ಹೇಳ್ತೀರಾ! ಪಟ್ಟಿ ಪ್ರಕಾರ ಸ್ಟ್ರಾಂಗ್ ಅಂದ್ರೆ ಪವರ್‌ಫುಲ್. ಹೋಗಿ ಪವರ್‌ಫುಲ್ ಕಾಫಿ ಕೇಳಿ ನೋಡೋಣ.

4/6

ಇದು ಉದ್ದ ಆಗುತ್ತೆ, ಯಾಕಂದ್ರೆ ಯಾವ ಕೋಚಿಂಗೂ ಹೇಳ್ಕೊಡದೇ ಇರೋದು ಇದೇ.

ನಿಮ್ಮ ದೊಡ್ಡ ಸಮಸ್ಯೆ ಗೊತ್ತಿಲ್ಲದ ಪದಗಳಲ್ಲ ಗುರು. ಗೊತ್ತು ಅಂದ್ಕೊಂಡಿರೋ ಪದಗಳು. ಕನ್ನಡ ಮಾತಾಡ್ತಾ ದಿನಾ ಬಳಸೋ ನೂರಾರು ಇಂಗ್ಲಿಷ್ ಪದ ನಮ್ಮ ಹತ್ರ ಇವೆ. ಅವು ಇಲ್ಲೇ ಬೆಳೆದು ಇಲ್ಲಿನ ಅರ್ಥ ಹಿಡಿದಿವೆ. ಹೋಟೆಲ್ ಅಂದ್ರೆ ನಮಗೆ ಇಡ್ಲಿ ತಿನ್ನೋ ಜಾಗ, ಅವರಿಗೆ ರಾತ್ರಿ ಮಲಗೋ ಜಾಗ. ‘ಐ ಗೋ ಟು ಹೋಟೆಲ್ ಎವ್ರಿ ಮಾರ್ನಿಂಗ್’ ಅಂದ್ರೆ ಪರೀಕ್ಷಕರ ತಲೆಯಲ್ಲಿ ಬರೋ ಚಿತ್ರವೇ ಬೇರೆ. ಕ್ಲಾಸಲ್ಲಿ ‘ಡೌಟ್’ ಕೇಳ್ತೀವಿ, ಅವರು ಕೇಳೋದು ಕ್ವೆಶ್ಚನ್. ಅವರ ಡೌಟ್ ಅಂದ್ರೆ ಅಪನಂಬಿಕೆ. ‘ಐ ಪಾಸ್ಡ್ ಔಟ್ ಇನ್ 2024’ ಅಂದ್ರೆ ಮೂರ್ಛೆ ಹೋದೆ ಅಂತಾನೂ ಆಗುತ್ತೆ.

ಸ್ಪೀಕಿಂಗ್ ಶುರುವಾಗೋದು ಮನೆ, ಊರು, ಓದಿನ ಪ್ರಶ್ನೆಗಳಿಂದ. ನಿಮ್ಮ ಏರಿಯಾ ಬಗ್ಗೆ ಹೇಳಿ ಅಂದಾಗ ಬಾಯಿಗೆ ಬರೋದೇನು? ‘ಮೈ ಫಾದರ್ ಬಾಟ್ ಎ ಸೈಟ್ ಇನ್ ಎ ಲೇಔಟ್.’ ಬಾಣಸವಾಡಿಯಿಂದ ಕೆ.ಆರ್. ಪುರದವರೆಗೆ ಎಲ್ಲರಿಗೂ ಅರ್ಥ ಆಗುತ್ತೆ. ಹೊರಗಿನವರಿಗೆ ಸೈಟ್ ಅಂದ್ರೆ ಕಟ್ಟಡ ಕಟ್ಟೋ ಜಾಗ ಇಲ್ಲಾ ವೆಬ್‌ಸೈಟ್. ಲೇಔಟ್ ಅಂದ್ರೆ ಪುಟದ ಇಲ್ಲಾ ಕೋಣೆಯ ವಿನ್ಯಾಸ. ಬೇಕಿದ್ದಿದ್ದು ‘ಪ್ಲಾಟ್’ ಮತ್ತು ‘ರೆಸಿಡೆನ್ಶಿಯಲ್ ಏರಿಯಾ’. ಎರಡೂ ಕಷ್ಟದ ಪದವಲ್ಲ. ಆದ್ರೆ 5000ದ ಪಟ್ಟಿಯಲ್ಲಿ ಹುಡುಕಿದೆ, ಎರಡೂ ಇಲ್ಲ. ಅಬ್ಸ್ಟೀಮಿಯಸ್ ಇದೆ.

ನನಗೆ ತುಂಬಾ ಇಷ್ಟದ ಉದಾಹರಣೆ ‘ಔಟ್ ಆಫ್ ಸ್ಟೇಷನ್’. ಊರಲ್ಲಿಲ್ಲ ಅನ್ನೋಕೆ ಎಲ್ಲರೂ ಬಳಸ್ತೀವಿ. ಲಂಡನ್ನಿನವರಿಗೆ ಕೇಳಿದ್ರೆ ರೈಲ್ವೆ ಸ್ಟೇಷನ್ ನೆನಪಾಗುತ್ತೆ. ಆದ್ರೆ ಬ್ರಿಟಿಷರ ಕಾಲದಲ್ಲಿ ಇಲ್ಲಿನ ಅಧಿಕಾರಿಗಳು, ಸೇನೆಯವರು ನೆಲೆಸಿದ್ದ ಜಾಗಕ್ಕೇ ಸ್ಟೇಷನ್ ಅನ್ನೋರು. 1809ರಲ್ಲಿ ಹಲಸೂರಿನ ಕಡೆ ಶುರುವಾದ ದಂಡು, ಮುಂದೆ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಅನ್ನೋ ಹೆಸರಲ್ಲೇ ಇತ್ತು. ಮೈಸೂರಿಗೆ ವಾಪಸ್ ಬಂದಿದ್ದು 1947ರಲ್ಲಿ. ಅಂದ್ರೆ ಶಿವಾಜಿನಗರದಲ್ಲಿ ನಿಂತು ‘ಔಟ್ ಆಫ್ ಸ್ಟೇಷನ್’ ಅಂದ್ರೆ ಅದಕ್ಕೆ ಇನ್ನೂರು ವರ್ಷದ ಮಣ್ಣು ಅಂಟಿದೆ. ಅದನ್ನ ಮರೀಬೇಡಿ, ಮನೆಯಲ್ಲಿ ಧಾರಾಳವಾಗಿ ಬಳಸಿ. ಪರೀಕ್ಷೆಯಲ್ಲಿ ‘ಔಟ್ ಆಫ್ ಟೌನ್’ ಅನ್ನಿ. ಎರಡು ಇಂಗ್ಲಿಷ್ ಇವೆ, ಯಾವುದು ಎಲ್ಲಿ ಅಂತ ಗೊತ್ತಿದ್ರೆ ಸಾಕು. ನಮ್ಮದು ಕೀಳು, ಅವರದ್ದು ಮೇಲು ಅಂತ ಯಾರಾದ್ರೂ ಹೇಳಿದ್ರೆ ಆ ಕ್ಲಾಸಿಂದ ಎದ್ದು ಬನ್ನಿ.

ಪಟ್ಟಿ ಮಾರೋರ ಆಟ ನಿಂತಿರೋದೇ ಈ ಕೀಳರಿಮೆ ಮೇಲೆ. ಕನ್ನಡ ಮೀಡಿಯಮ್ಮಿಂದ ಬಂದ ಹುಡುಗ ಹುಡುಗಿಯರಿಗೆ ‘ನಿಮಗೆ ಏನೂ ಗೊತ್ತಿಲ್ಲ’ ಅಂತ ಮೊದಲ ದಿನವೇ ನಂಬಿಸಿಬಿಟ್ರೆ, ಎಷ್ಟು ದಪ್ಪ ಪುಸ್ತಕ ಕೊಟ್ರೂ ಕೊಳ್ತಾರೆ. ಸೈಟ್, ಹೋಟೆಲ್, ಡೌಟ್ ಬಿಡಿಸಿ ಹೇಳೋಕೆ ಕನ್ನಡ ಗೊತ್ತಿರೋ, ತಾಳ್ಮೆ ಇರೋ ಮೇಷ್ಟ್ರು ಬೇಕು. ಪಿಡಿಎಫ್ ಫಾರ್ವರ್ಡ್ ಮಾಡೋಕೆ ಬೆರಳು ಸಾಕು.

5/6

ಡಿಎಂನಲ್ಲಿ ಬಂದ ಪ್ರಶ್ನೆ: ಹಾಗಾದ್ರೆ ರೀಡಿಂಗ್‌ಗೆ ಪದ ಬೇಡ್ವಾ? ಬೇಕು. ಒಂದು ಗಂಟೆ, ಮೂರು ಲೇಖನ, 40 ಪ್ರಶ್ನೆ. ಲೇಖನದಲ್ಲಿ ಒಂದು ಪದ, ಪ್ರಶ್ನೆಯಲ್ಲಿ ಅದೇ ಅರ್ಥದ ಇನ್ನೊಂದು ಪದ. ಪದ ಕಮ್ಮಿ ಇದ್ದೋರು ಇಲ್ಲಿ ಒದ್ದಾಡ್ತಾರೆ, ಒಪ್ಪಿದೆ. ಆದ್ರೆ ಅಲ್ಲಿ ಬೇಕಾಗಿರೋದು ಮುಖ ಪರಿಚಯ ಮಾತ್ರ. ಬರೆಯೋಕೆ ಮಾತಾಡೋಕೆ ಬೇಕಾಗಿರೋದು ಮನೆಗೆ ಊಟಕ್ಕೆ ಕರೆಯೋಷ್ಟು ಸ್ನೇಹ. ಎರಡನ್ನೂ ಒಂದೇ ಪುಸ್ತಕದಿಂದ ಉರು ಹೊಡೀರಿ ಅನ್ನೋದೇ ಮೋಸ.

ಪಟ್ಟಿಗಳನ್ನೆಲ್ಲ ನಾನು ಬೈತಿಲ್ಲ. ಮೈಕೆಲ್ ವೆಸ್ಟ್ ಅಂತ ಒಬ್ರು ಬಂಗಾಳದಲ್ಲಿ, ಢಾಕಾದಲ್ಲಿ ಇಂಗ್ಲಿಷ್ ಕಲಿಸೋ ಕೆಲಸದಲ್ಲಿದ್ರು. ಕಲಿಯೋರ ಮೇಲೆ ಹೊಸ ಪದ ಒಂದೇ ಸಲ ಸುರೀಬಾರದು ಅನ್ನೋದು ಅವರ ಹಟ. 1953ರಲ್ಲಿ ಅವರು ತಂದ ಪಟ್ಟಿಯಲ್ಲಿ ಸುಮಾರು 2000 ಪದ ಅಷ್ಟೇ, ಅದೂ ಒಂದೊಂದರ ಯಾವ ಅರ್ಥ ಎಷ್ಟು ಬಳಕೆಯಲ್ಲಿದೆ ಅನ್ನೋ ಲೆಕ್ಕದ ಸಮೇತ. 2000ನೇ ಇಸವಿಯಲ್ಲಿ ನ್ಯೂಜಿಲೆಂಡಿನ ಎವರಿಲ್ ಕಾಕ್ಸ್‌ಹೆಡ್ ಕಾಲೇಜು ಪುಸ್ತಕಗಳಿಗೆ ಅಂತಲೇ ಇನ್ನೊಂದು ಪಟ್ಟಿ ಮಾಡಿದ್ರು, 570 ಪದಕುಟುಂಬ. ಅಂಥ ಬರಹದ ಸುಮಾರು ಶೇ. 10 ಭಾಗ ಇವೇ ಪದಗಳು. ನೆಟ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತೆ. ಇವೆರಡೂ ಎಣಿಸಿ ಮಾಡಿದ ಪಟ್ಟಿಗಳು. ನಿಮ್ಮ ಬ್ಯಾಗಲ್ಲಿರೋ ಪಟ್ಟಿಯನ್ನ ಯಾರು, ಏನು ನೋಡಿ ಮಾಡಿದ್ರು ಕೇಳಿ.

ಎಂ.ಜಿ. ರೋಡಲ್ಲಿ ಪ್ರತಿಮೆಯಾಗಿ ನಿಂತಿದ್ದಾರಲ್ಲ ಕಿಟೆಲ್, ಅವರನ್ನೇ ತಗೊಳ್ಳಿ. ಜರ್ಮನಿಯಿಂದ ಬಂದಿದ್ದು 1853ರಲ್ಲಿ. ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಲ್ಲಿ ಅಚ್ಚಾಗಿದ್ದು 1894ರಲ್ಲಿ. ನಲವತ್ತೊಂದು ವರ್ಷ! ತೆರೆದು ನೋಡಿದ್ರೆ ಬರೀ ಅರ್ಥ ಇಲ್ಲ, ಕಾವ್ಯದ ಸಾಲು, ಗಾದೆ, ಬಳಕೆ ಎಲ್ಲ ಜೊತೆಗಿವೆ. ನಿಘಂಟು ಮಾಡೋರೇ ಪದವನ್ನ ಒಂಟಿಯಾಗಿ ಬಿಡಲಿಲ್ಲ.

6/6

ಸರಿ, ಮಾಡೋದೇನು? ಒಂದು ಇನ್ನೂರು ಪೇಜ್ ನೋಟ್‌ಬುಕ್ ತಗೊಳ್ಳಿ. ಒಂಟಿ ಪದ ಬರೀಬೇಡಿ, ಪದದ ಜೊತೆ ಅದರ ಸಂಗಾತಿನೂ ಬರೀರಿ. ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಅಲುಗಾಡದೆ ನಿಂತಾಗ ‘ಟ್ರಾಫಿಕ್’ ಅಂತ ಗೊಣಗ್ತೀರಲ್ಲ, ಅದರಿಂದಲೇ ಶುರು ಮಾಡಿ. ಟ್ರಾಫಿಕ್ ಬಿಗ್ ಆಗಲ್ಲ, ಹೆವಿ ಆಗುತ್ತೆ. ಟ್ರಾಫಿಕ್‌ನಲ್ಲಿ ಸ್ಟಕ್ ಆಗ್ತೀರಾ. ಸರ್ಕಾರ ಕಂಜೆಶ್ಚನ್ ಈಸ್ ಮಾಡುತ್ತೆ, ಅಥವಾ ಮಾಡ್ತೀನಿ ಅನ್ನುತ್ತೆ. ದಿನಾ ಓಡಾಡೋ ನೀವು ಕಮ್ಯೂಟರ್. ಒಂದು ಸಿಗ್ನಲ್ಲಿಗೆ ನಾಲ್ಕು ಜೋಡಿ. ರೈಟಿಂಗ್‌ನಲ್ಲಿ ನಗರದ ಬಗ್ಗೆ ಪ್ರಶ್ನೆ ಬಂದ್ರೆ ಈ ನಾಲ್ಕೂ ನೆಟ್ಟಗೆ ಬಂದು ಕೂರುತ್ತವೆ.

ಮೆಟ್ರೋದಲ್ಲಿ ಕೆ.ಆರ್. ಪುರದಿಂದ ಹಲಸೂರಿಗೆ ಬರೋರು ಒಂದು ಸ್ಟೇಷನ್ ಯೋಚನೆ ಮಾಡಿ, ಮುಂದಿನ ಸ್ಟೇಷನ್ ಬರೋವರೆಗೆ ಮನಸ್ಸಲ್ಲೇ ಮಾತಾಡಿ. ಸ್ಪೀಕಿಂಗ್ ಎರಡನೇ ಭಾಗವೂ ಅಷ್ಟೇ: ಒಂದು ನಿಮಿಷ ತಯಾರಿ, ಎರಡು ನಿಮಿಷದವರೆಗೆ ಮಾತು. ಎಲ್ಲಿ ಪದ ಸಿಗದೆ ತಡವರಿಸ್ತೀರೋ ಅದನ್ನ ಇಳಿದ ಮೇಲೆ ಹುಡುಕಿ. ಆವತ್ತಿನ ಪಾಠ ಅದು, ನಿಮಗೆ ಬೇಕಾದದ್ದು, ನೀವೇ ಕಂಡುಕೊಂಡಿದ್ದು. ದಿನಕ್ಕೆ ನಾಲ್ಕು ಸಾಕು.

ಒಇಟಿಗೆ ಓದ್ತಿರೋ ನರ್ಸಿಂಗ್ ಗೆಳತಿಯರೇ, ನಿಮಗಂತೂ ದೊಡ್ಡ ಪದ ನೇರವಾಗಿ ನಷ್ಟ. ಅಲ್ಲಿ ಬರೆಯೋದು ರೋಗಿಯ ಬಗ್ಗೆ ಒಂದು ಪತ್ರ, ಅದರಲ್ಲಿ ಚುಟುಕಾಗಿ ಸ್ಪಷ್ಟವಾಗಿ ಹೇಳೋದಕ್ಕೇ ಬೇರೆ ಅಂಕ ಇದೆ. ಮಧ್ಯರಾತ್ರಿ ಆ ಪತ್ರ ಓದೋ ಡಾಕ್ಟರ್ ಡಿಕ್ಷನರಿ ತೆಗೆಯಲ್ಲ.

ನೋಟ್‌ಬುಕ್ಕಿನ ಮೊದಲ ಪುಟಕ್ಕೆ ನಿಮ್ಮ ಏರಿಯಾದಲ್ಲಿ ಓಡಾಡೋ ಇಂಥ ಪದ ಕಾಮೆಂಟಲ್ಲಿ ಹಾಕಿ, ಒಬ್ಬೊಬ್ರು ಒಂದೊಂದು. ಒಟ್ಟು ಸೇರಿಸಿ ಭಾನುವಾರ ಹಾಕ್ತೀನಿ, ಬಿಟ್ಟಿ. ‘ಕ್ರಾಸ್’ ಮತ್ತೆ ‘ಮೇನ್’ ನಂದು, ಅವೆರಡು ಬಿಟ್ಟು ಬೇರೆ.

#ಐಲ್ಟ್ಸ್ #ಒಇಟಿ #ಶಿವಾಜಿನಗರ #ಕೆಆರ್‌ಪುರ #ಕನ್ನಡಮೀಡಿಯಂ